ಚಂದ್ರನ ನೆಪ, ಚೇಳಿನ ಬೆಳಕು

1962ರ ಜೂನ್ 18. ಮಧ್ಯರಾತ್ರಿಗೆ ಒಂದೇ ನಿಮಿಷ ಬಾಕಿ. ಅಮೆರಿಕದ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಿಂದ ಏರೋಬೀ ರಾಕೆಟ್ಟೊಂದು ಮೇಲೆದ್ದಿತು. ದುಡ್ಡು ಕೊಟ್ಟಿದ್ದು ವಾಯುಪಡೆ. ಕಾಗದದ ಮೇಲಿದ್ದ ಕೆಲಸ ಚಂದ್ರನದು: ಸೂರ್ಯನ ಎಕ್ಸ್-ರೇ ಬಿದ್ದಾಗ ಚಂದ್ರನ ನೆಲವೂ ಎಕ್ಸ್-ರೇ ಸೂಸುತ್ತದೆಯೇ ಅಂತ ನೋಡುವುದು.

ರಾಕೆಟ್ ಹಾರಿಸಿದ ಭೌತವಿಜ್ಞಾನಿ ರಿಕಾರ್ಡೊ ಜಿಯಾಕೋನಿ ಮತ್ತು ಅವರ ತಂಡದ ಕಣ್ಣು ಮಾತ್ರ ಚಂದ್ರನಾಚೆ ಇತ್ತು. ಆದರೆ ನಕ್ಷತ್ರಗಳ ಎಕ್ಸ್-ರೇ ಹುಡುಕುತ್ತೇವೆ ಅಂದರೆ ದುಡ್ಡು ಹುಟ್ಟುತ್ತಿರಲಿಲ್ಲ. ಸೂರ್ಯ ಎಕ್ಸ್-ರೇ ಸೂಸುತ್ತಾನೆ ಅಂತ ಹರ್ಬರ್ಟ್ ಫ್ರೀಡ್‌ಮನ್ 1949ರಲ್ಲೇ ವಿ-2 ರಾಕೆಟ್ ಹಾರಿಸಿ ತೋರಿಸಿದ್ದರು, ನಿಜ. ಆದರೆ ಅವನ ಬೆಳಕಿಗೆ ಹೋಲಿಸಿದರೆ ಅದು ಹತ್ತು ಲಕ್ಷದಲ್ಲೊಂದು ಪಾಲು. ಅಂಥದ್ದೇ ಸೂರ್ಯನನ್ನು ನಕ್ಷತ್ರದಷ್ಟು ದೂರ ಇಟ್ಟರೆ ಎಣಿಸಲು ಏನು ಉಳಿಯುತ್ತದೆ? ಲೆಕ್ಕ ತಪ್ಪಿರಲಿಲ್ಲ. ಎಲ್ಲ ನಕ್ಷತ್ರಗಳೂ ಸೂರ್ಯನ ಹಾಗೇ ಇರುತ್ತವೆ ಅಂದುಕೊಂಡಿದ್ದೇ ತಪ್ಪು. ಜಿಯಾಕೋನಿಗೆ ಈ ದಾರಿ ತೋರಿಸಿದ ಬ್ರೂನೊ ರೋಸಿ ಆ ಲೆಕ್ಕಕ್ಕೆ ಜಗ್ಗಲಿಲ್ಲ.

ಎಕ್ಸ್-ರೇ ನಮ್ಮ ಗಾಳಿಯನ್ನು ದಾಟಿ ನೆಲಕ್ಕೆ ಬರುವುದಿಲ್ಲ. ರಾಕೆಟ್ಟೇ ಗತಿ. 1960ರಲ್ಲಿ ಹಾರಿಸಿದ್ದು ಕೈಕೊಟ್ಟಿತು. 1961ರಲ್ಲಿ ರಾಕೆಟ್ ಸರಿಯಾಗಿ ಹಾರಿತು, ಆದರೆ ಉಪಕರಣದ ಬಾಗಿಲೇ ತೆರೆಯಲಿಲ್ಲ! 1962ರ ಈ ಮೂರನೆಯದರಲ್ಲಿ ವಿಕಿರಣ ಎಣಿಸುವ ಮೂರು ಗೈಗರ್ ಕೌಂಟರ್‌ಗಳಿದ್ದವು. ಎಕ್ಸ್-ರೇ ಒಳಬರಲು ಅವಕ್ಕೆ ತೆಳ್ಳನೆಯ ಕಾಗೆಬಂಗಾರದ ಕಿಟಕಿ. ಒಂದು ಕೆಟ್ಟಿತು, ಎರಡು ದುಡಿದವು. ರಾಕೆಟ್ ಬುಗುರಿಯಂತೆ ಸೆಕೆಂಡಿಗೆ ಎರಡು ಸುತ್ತು ತಿರುಗುತ್ತಾ 225 ಕಿ.ಮೀ. ಏರಿತು. 80 ಕಿ.ಮೀ. ಮೇಲೆ ಅದಕ್ಕೆ ಸಿಕ್ಕ ಸಮಯ 350 ಸೆಕೆಂಡು, ಅಂದರೆ ಆರು ನಿಮಿಷವೂ ಇಲ್ಲ.

ಅಷ್ಟು ಸಾಕಾಯ್ತು. ಪ್ರತಿ ಸುತ್ತಿನಲ್ಲೂ ಒಂದೇ ದಿಕ್ಕಿಗೆ ಎಣಿಕೆ ಜಿಗಿಯುತ್ತಿತ್ತು. ಆ ದಿಕ್ಕಿನಲ್ಲಿ ಚಂದ್ರ ಇರಲಿಲ್ಲ. ಅಷ್ಟೇ ಅಲ್ಲ, ಆಕಾಶದ ಎಲ್ಲ ಕಡೆಯಿಂದಲೂ ಮಂದವಾದ ಎಕ್ಸ್-ರೇ ಬರುತ್ತಿತ್ತು. ತಂಡ ತಿಂಗಳುಗಟ್ಟಲೆ ತಾಳೆ ನೋಡಿ, ಡಿಸೆಂಬರ್‌ನಲ್ಲಿ ವರದಿ ಪ್ರಕಟಿಸಿತು.

1963ರಲ್ಲಿ ಫ್ರೀಡ್‌ಮನ್ ತಂಡ ಇನ್ನೂ ದೊಡ್ಡ ಉಪಕರಣ ಹಾರಿಸಿ ಜಾಗ ಗುರುತಿಸಿತು: ವೃಶ್ಚಿಕ ರಾಶಿ. ಜೂನ್‌ನಲ್ಲಿ ಮೋಡ ಸರಿದರೆ ನಮಗೂ ರಾತ್ರಿ ದಕ್ಷಿಣಕ್ಕೆ ಈ ಚೇಳು ಕಾಣುತ್ತದೆ. ಕೆಂಪಗಿನ ಜ್ಯೇಷ್ಠಾ ಥಟ್ಟನೆ ಕಣ್ಣಿಗೆ ಬೀಳುತ್ತದೆ, ಅಲ್ವಾ? ಎಕ್ಸ್-ರೇ ಬರುತ್ತಿದ್ದದ್ದು ಅದರಿಂದಲ್ಲ. 1966ರಲ್ಲಿ ಪತ್ತೆಯಾದ ಮೂಲ, ಬರಿಗಣ್ಣಿಗೆ ಕಾಣದ ಒಂದು ಮಂಕು ಚುಕ್ಕಿ. ಅದೇ ಸ್ಕಾರ್ಪಿಯಸ್ ಎಕ್ಸ್-1. ಅಲ್ಲಿ ನ್ಯೂಟ್ರಾನ್ ನಕ್ಷತ್ರವೊಂದು, ಅಂದರೆ ಸತ್ತ ನಕ್ಷತ್ರದ ಅತಿ ಸಾಂದ್ರ ತಿರುಳು, ಜೊತೆಗಾರ ನಕ್ಷತ್ರದ ಅನಿಲವನ್ನು ಎಳೆದುಕೊಳ್ಳುತ್ತದೆ. ಒಳಗೆ ಬೀಳುವ ಅನಿಲ ಕೋಟಿಗಟ್ಟಲೆ ಡಿಗ್ರಿಗೆ ಕಾದು ಎಕ್ಸ್-ರೇ ಉಗುಳುತ್ತದೆ.

ಈ ಬೇಟೆಗೆ ನಮ್ಮವರೂ ಇಳಿದರು. ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಮತ್ತು ಸಂಗಡಿಗರು 1960ರ ದಶಕದ ಕೊನೆಗೆ ಕೇರಳದ ತುಂಬಾ ರಾಕೆಟ್ ಕೇಂದ್ರದಿಂದ ರಾಕೆಟ್ ಹಾರಿಸಿ ಎಕ್ಸ್-ರೇ ಮೂಲಗಳನ್ನು ಅಳೆದರು. ಪೀಣ್ಯದಲ್ಲಿ ತಯಾರಾದ ನಮ್ಮ ಮೊದಲ ಉಪಗ್ರಹ ಆರ್ಯಭಟದಲ್ಲೂ 1975ರಲ್ಲಿ ಅಂಥದ್ದೊಂದು ಉಪಕರಣ ಇತ್ತು. ಪಾಪ, ಕೆಲವೇ ದಿನಗಳಲ್ಲಿ ಅದರ ವಿದ್ಯುತ್ ಕೈಕೊಟ್ಟಿತು. ಜಿಯಾಕೋನಿಗೆ 2002ರಲ್ಲಿ ನೊಬೆಲ್ ಬಂತು.

ಚಂದ್ರನ ಕಥೆ? 1990ರಲ್ಲಿ ರೋಸ್ಯಾಟ್ ಉಪಗ್ರಹ ಅದರ ಎಕ್ಸ್-ರೇ ಚಿತ್ರ ತೆಗೆಯಿತು. ಬಿಸಿಲು ಬಿದ್ದ ಅರ್ಧ ಹೊಳೆಯುತ್ತಿತ್ತು. ಇನ್ನರ್ಧ ಬರೀ ಕಪ್ಪು. 1962ರ ಆ ರಾತ್ರಿ ಸಿಕ್ಕಿತ್ತಲ್ಲ, ಎಲ್ಲ ಕಡೆಯಿಂದ ಬರುವ ಮಂದ ಎಕ್ಸ್-ರೇ, ಅದಕ್ಕೆ ಚಂದ್ರ ಅಡ್ಡ ನಿಂತಿದ್ದ.