ಅಲೈನ್‌ಮೆಂಟ್ ಎಂದರೆ ರಿಪೇರಿಯಲ್ಲ, ಮೇಷ್ಟ್ರೇ

ಕುವೆಂಪುನಗರದ ಮೇಷ್ಟ್ರೊಬ್ಬರು ಮಳೆಗಾಲದ ಒಂದು ರಾತ್ರಿ ಅಡ್ಡ ಬಂದ ನಾಯಿಯನ್ನು ತಪ್ಪಿಸಲು ಹೋಗಿ, ಕಾರಿನ ಎಡ ಮುಂಚಕ್ರವನ್ನು ಫುಟ್‌ಪಾತ್ ಕಲ್ಲಿಗೆ ಬಡಿದರು. ನಾಯಿ ಉಳಿಯಿತು. ಕಾರು ಅಂದಿನಿಂದ ಎಡಕ್ಕೆ ಎಳೆಯತೊಡಗಿತು. ನನ್ನ ಗ್ಯಾರೇಜಿಗೆ ಬರುವ ಹೊತ್ತಿಗೆ ಅವರು ಎರಡು ಕಡೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಅಳೆದು ಹೊಂದಿಸುವ ಕೆಲಸ, ಮಾಡಿಸಿದ್ದರು. ಸ್ಟೇರಿಂಗ್ ನೆಟ್ಟಗಾಗಿತ್ತು, ಎಳೆತ ಹೋಗಿರಲಿಲ್ಲ, ಟೈರಿನ ಹೊರ ಅಂಚು ಬೋಳಾಗಿತ್ತು.

ಅವರು ತಂದಿದ್ದ ಅಲೈನ್‌ಮೆಂಟ್ ಚೀಟಿಯಲ್ಲೇ ಉತ್ತರವಿತ್ತು. ಟೋ ಎಂಬ ಸಾಲು ಹಸಿರಾಗಿತ್ತು. ಎಡಗಡೆಯ ಕ್ಯಾಂಬರ್, ಕ್ಯಾಸ್ಟರ್ ಎರಡೂ ಕೆಂಪು. ನಮ್ಮ ಚಿಕ್ಕ ಕಾರುಗಳಲ್ಲಿ ಮುಂದುಗಡೆ ಸಾಮಾನ್ಯವಾಗಿ ತಿರುಗಿಸಿ ಸರಿಪಡಿಸಬಹುದಾದದ್ದು ಟೋ ಒಂದೇ. ಮೇಲಿನಿಂದ ನೋಡಿದಾಗ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದೇ ಟೋ; ಅದು ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡಿನ ಉದ್ದದ ಲೆಕ್ಕ. ಚಕ್ರ ಹೊರಕ್ಕೋ ಒಳಕ್ಕೋ ವಾಲಿದೆಯೇ ಎಂಬ ಕ್ಯಾಂಬರ್, ಸ್ಟೇರಿಂಗ್ ತಿರುಗುವ ಅಕ್ಷ ಹಿಂದಕ್ಕೆ ಎಷ್ಟು ವಾಲಿದೆ ಎಂಬ ಕ್ಯಾಸ್ಟರ್, ಇವೆರಡೂ ಕಬ್ಬಿಣದ ಆಕಾರದಲ್ಲೇ ಕೂತಿರುತ್ತವೆ. ಹೀಗೆ ಬಡಿದ ಮೇಲೆ ಅವು ಕೆಟ್ಟಿವೆ ಎಂದರೆ ಬಹುತೇಕ ಯಾವುದೋ ಒಂದು ಭಾಗ ಬಗ್ಗಿದೆ. ಬಗ್ಗಿದ್ದನ್ನು ಹಾಗೆಯೇ ಬಿಟ್ಟು ಟೋ ಮಾತ್ರ ಸರಿಮಾಡುವುದು ಮುರಿದ ಕಾಲಿಗೆ ಹೊಸ ಚಪ್ಪಲಿ ಹಾಕಿದ ಹಾಗೆ.

ಬಗ್ಗಿದ್ದು ಯಾವುದು ಎಂದು ಕಂಡುಹಿಡಿಯಲು ಯಂತ್ರ ಬೇಡ. ಗಾರೆ ಕೆಲಸದವರ ತೂಕುಗುಂಡು ಮತ್ತು ಅಳತೆ ಟೇಪು ಸಾಕು. ಕಾರನ್ನು ಸಮತಟ್ಟಾದ ನೆಲದ ಮೇಲೆ ಚಕ್ರ ನೇರವಾಗಿರುವಂತೆ ನಿಲ್ಲಿಸಿ, ಮುಂಚಕ್ರದ ನಡುವಿನಿಂದ ಹಿಂಚಕ್ರದ ನಡುವಿಗೆ ಎರಡೂ ಕಡೆ ಅಳೆಯಿರಿ. ನಾಲ್ಕೈದು ಮಿಲಿಮೀಟರ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮೇಷ್ಟ್ರ ಕಾರಿನಲ್ಲಿ ಎಡಗಡೆ 14 ಮಿಲಿಮೀಟರ್ ಕಡಿಮೆ ಬಂತು. ಚಕ್ರ ಅಷ್ಟು ಹಿಂದಕ್ಕೆ ಸರಿದಿತ್ತು. ಆಮೇಲೆ ಚಕ್ರದ ಮೇಲಿನ ತಗಡಾದ ಫೆಂಡರಿನಿಂದ ತೂಕುಗುಂಡಿನ ದಾರ ಇಳಿಬಿಟ್ಟು, ದಾರಕ್ಕೂ ರಿಮ್ಮಿನ ಮೇಲಂಚಿಗೂ, ದಾರಕ್ಕೂ ಕೆಳಗಂಚಿಗೂ ಇರುವ ಅಂತರ ನೋಡಿದೆ. 14 ಇಂಚಿನ ರಿಮ್ಮಿನಲ್ಲಿ ಈ ಎರಡು ಅಂತರಗಳ ವ್ಯತ್ಯಾಸ ಸುಮಾರು ಆರು ಮಿಲಿಮೀಟರ್ ಎಂದರೆ ಒಂದು ಡಿಗ್ರಿ ಕ್ಯಾಂಬರ್. ಬಲಗಡೆ ಹೆಚ್ಚುಕಡಿಮೆ ಏನೂ ಇಲ್ಲ, ಎಡಗಡೆ ಒಂಬತ್ತು. ಚಕ್ರದ ಬುಡ ಒಳಕ್ಕೆ ಹೋಗಿದೆ ಎಂದರೆ ಮೊದಲ ಅನುಮಾನ ಲೋವರ್ ಆರ್ಮ್ ಮೇಲೆ, ಅಂದರೆ ಚಕ್ರದ ಬುಡವನ್ನು ಕಾರಿನ ಚೌಕಟ್ಟಿಗೆ ಹಿಡಿದಿಡುವ ಕಬ್ಬಿಣದ ತೋಳಿನ ಮೇಲೆ. ಕೆಳಗೆ ಮಲಗಿ ಟಾರ್ಚ್ ಹಾಕಿದರೆ ಆರ್ಮಿನ ಮಧ್ಯೆ ಬಣ್ಣ ಸಿಪ್ಪೆ ಎದ್ದು ತುಕ್ಕು ಹಿಡಿದ ಒಂದು ಗೆರೆ ಕಂಡಿತು. ಅದೇ ಬಗ್ಗಿದ ಜಾಗ.

ಮಂಡ್ಯ ಕಡೆಯಿಂದ ಬರುವ ಕಾರುಗಳಲ್ಲಿ, ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ರಸ್ತೆಯಂಚಿಗೆ ಇಳಿಸಿ ಹೊಡೆಸಿಕೊಂಡವುಗಳಲ್ಲೂ ನಾನು ಹೆಚ್ಚಾಗಿ ಕಂಡದ್ದು ಇದನ್ನೇ. ಅದರ ಜೊತೆಗೆ ಚಕ್ರ ಬಿಚ್ಚಿ ಟೈರಿನ ಒಳಗೋಡೆಯ ಮೇಲೆ ಕೈಯಾಡಿಸಿ. ಹೊರಗೆ ಕಾಣದ ಉಬ್ಬು ಅಲ್ಲಿರಬಹುದು. ಉಬ್ಬಿದೆ ಎಂದರೆ ಒಳಗಿನ ನೂಲು ಹರಿದಿದೆ, ಆ ಟೈರನ್ನು ಸ್ಟೆಪ್ನಿಯಾಗಿಯೂ ಇಟ್ಟುಕೊಳ್ಳಬಾರದು.

ಲೋವರ್ ಆರ್ಮ್ ಬದಲಿಸುವುದು ಕೈ ಪಳಗಿದವರು ಮನೆಯಂಗಳದಲ್ಲಿ ಮಾಡಬಹುದಾದ ಕೆಲಸವೇ. ಷರತ್ತು ಒಂದಿದೆ: ಡಿಕ್ಕಿಯಲ್ಲಿರುವ ಜಾಕಿ ಚಕ್ರ ಬದಲಿಸುವುದಕ್ಕೆ ಮಾತ್ರ, ಅದರ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬಾರದು. ಕಾರನ್ನು ಹೊತ್ತು ನಿಲ್ಲುವ ಸ್ಟ್ಯಾಂಡ್ ಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಸಾಲದು. ಅವು ಬಿರುಕು ಬಿಡುವ ಮುಂಚೆ ಸದ್ದು ಮಾಡುವುದಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಹಿಂಚಕ್ರಕ್ಕೆ ಕಲ್ಲು ಕೊಟ್ಟ ಮೇಲೆಯೇ ಎತ್ತಬೇಕು.

ಬಹಳ ಕಾರುಗಳಲ್ಲಿ ಆರ್ಮಿನ ಹೊರತುದಿಯ ಗುಂಡುಕೀಲಾದ ಬಾಲ್ ಜಾಯಿಂಟಿನ ಕಡ್ಡಿ, ಚಕ್ರವನ್ನು ಹೊತ್ತಿರುವ ನಕಲ್ ಎಂಬ ಭಾಗದ ಸೀಳಿದ ತೂತಿನಲ್ಲಿ ಕೂತಿರುತ್ತದೆ, ಅಡ್ಡಕ್ಕೆ ಒಂದು ಬೋಲ್ಟ್ ಅದನ್ನು ಬಿಗಿಹಿಡಿದಿರುತ್ತದೆ. ಹೊಸಬರು ಈ ಬೋಲ್ಟನ್ನು ಸಡಿಲಿಸಿ ಸುತ್ತಿಗೆ ಹಿಡಿಯುತ್ತಾರೆ. ಎಷ್ಟು ಹೊಡೆದರೂ ಕಡ್ಡಿ ಇಳಿಯುವುದಿಲ್ಲ, ಏಕೆಂದರೆ ಬೋಲ್ಟ್ ಆ ಕಡ್ಡಿಯ ಕಚ್ಚಿನೊಳಗೆ ಹಾದುಹೋಗಿರುತ್ತದೆ. ಅದನ್ನು ಪೂರ್ತಿ ಹೊರಗೆ ಎಳೆಯಬೇಕು. ನಾನೂ ಕಲಿಯುವಾಗ ಒಂದು ಮಧ್ಯಾಹ್ನವಿಡೀ ಹೊಡೆದು, ಕೊನೆಗೆ ಗುರುಗಳಿಂದ ಬೈಸಿಕೊಂಡವನೇ.

ಆರ್ಮಿನ ಒಳಬದಿಯ ಬುಷ್, ಅಂದರೆ ರಬ್ಬರ್ ಬಳೆಗಳ, ಬೋಲ್ಟುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ, ಗ್ಯಾರೇಜುಗಳಲ್ಲೂ ಇದನ್ನು ಮರೆಯುತ್ತಾರೆ. ಚಕ್ರ ಗಾಳಿಯಲ್ಲಿ ಜೋತಾಡುವಾಗ ಆರ್ಮ್ ಕೆಳಕ್ಕೆ ಇಳಿದಿರುತ್ತದೆ. ಆಗಲೇ ಪೂರ್ತಿ ಬಿಗಿದರೆ, ಕಾರು ನೆಲಕ್ಕಿಳಿದ ಕೂಡಲೇ ರಬ್ಬರು ತಿರುಚಿಕೊಂಡು ಹಾಗೆಯೇ ಉಳಿಯುತ್ತದೆ, ಬೇಗ ಹರಿಯುತ್ತದೆ. ಆದ್ದರಿಂದ ಕೈಬಿಗಿ ಮಾತ್ರ ಕೊಟ್ಟು, ಚಕ್ರ ಹಾಕಿ ಇಳಿಸಿ, ಕಾರನ್ನು ಒಂದೆರಡು ಮಾರು ಹಿಂದೆ ಮುಂದೆ ತಳ್ಳಿ, ಭಾರ ನೆಲದ ಮೇಲಿರುವಾಗಲೇ ಕೊನೆಯ ಬಿಗಿ ಕೊಡಬೇಕು. ಬಿಚ್ಚಿದ ಲಾಕ್ ನಟ್, ಸ್ಪ್ಲಿಟ್ ಪಿನ್ನುಗಳನ್ನು ಎಸೆದು ಹೊಸವನ್ನೇ ಹಾಕಿ.

ಹಳೆಯ ಆರ್ಮನ್ನು ಬೆಂಕಿಗೆ ಹಿಡಿದು ಕುಟ್ಟಿ ನೆಟ್ಟಗೆ ಮಾಡಿಕೊಡುವವರು ಊರಲ್ಲಿದ್ದಾರೆ. ನೆಟ್ಟಗಾಗುವುದೂ ನಿಜ. ಆದರೆ ಕಾಯಿಸಿದ ಉಕ್ಕಿನ ಗಟ್ಟಿತನ ಮೊದಲಿನಂತೆ ಉಳಿಯುವುದಿಲ್ಲ, ಮತ್ತು ಅದು ಮುರಿಯುವುದು ಮನೆಯಂಗಳದಲ್ಲಲ್ಲ, ಬೆಂಗಳೂರು ಹೆದ್ದಾರಿಯ ವೇಗದಲ್ಲಿ. ಈ ವಿಷಯದಲ್ಲಿ ನಾನು ಚೌಕಾಸಿಗೆ ಇಳಿಯುವುದಿಲ್ಲ. ಸ್ಪ್ರಿಂಗ್ ಹೊತ್ತ ಶಾಕ್ ಅಬ್ಸಾರ್ಬರ್ ಕಂಬವಾದ ಸ್ಟ್ರಟ್ ಬಗ್ಗಿದ್ದರೆ ಮನೆಯಲ್ಲಿ ಕೈ ಹಾಕಲೇಬೇಡಿ. ಅದರ ಸ್ಪ್ರಿಂಗ್ ಒತ್ತಿಹಿಡಿದ ಸ್ಥಿತಿಯಲ್ಲಿರುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಮೇಲಿನ ನಡುನಟ್ ಬಿಚ್ಚಿದರೆ ಕೈ, ಮುಖ ಉಳಿಯುವುದು ಕಷ್ಟ.

ಮೇಷ್ಟ್ರ ಕಾರಿಗೆ ಹೊಸ ಆರ್ಮ್ ಹಾಕಿ ಮತ್ತೆ ಟೇಪು ಹಿಡಿದೆ. 14 ಇದ್ದದ್ದು ಎರಡಕ್ಕೆ ಇಳಿದಿತ್ತು. ಆಗ ಹೇಳಿದೆ, ‘ಈಗ ಹೋಗಿ ಅಲೈನ್‌ಮೆಂಟ್ ಮಾಡಿಸಿ ಮೇಷ್ಟ್ರೇ, ಚೀಟಿಯ ಎಲ್ಲ ಸಾಲನ್ನೂ ಓದಿಸಿಕೊಂಡು ಬನ್ನಿ.’