ಓಟ್ಸ್‌ನ ಲೋಳೆ ತೊಳೆದು ಚೆಲ್ಲಬೇಡಿ

ಓಟ್ಸ್ ಉಪ್ಪಿಟ್ಟು ಉದುರುದುರಾಗಿ ಬರಬೇಕೇ? ಎಷ್ಟೋ ಅಡುಗೆ ವಿಡಿಯೊಗಳಲ್ಲಿ ಒಂದೇ ಉಪಾಯ: ನೀರಲ್ಲಿ ನೆನೆಸಿ, ಚೆನ್ನಾಗಿ ತೊಳೆದು, ಲೋಳೆ ತೆಗೆದುಬಿಡಿ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ದುಡ್ಡು ಕೊಟ್ಟು ತಂದದ್ದೇ ಆ ಲೋಳೆಗೆ ಅಲ್ವಾ?

100 ಗ್ರಾಂ ಓಟ್ಸ್‌ನಲ್ಲಿ ಸುಮಾರು 13 ಗ್ರಾಂ ಪ್ರೋಟೀನ್, 10 ಗ್ರಾಂ ನಾರು ಇರುವುದು ನಿಜ. ಆದರೆ ಪ್ರೋಟೀನ್ ಬೇಳೆಯಲ್ಲಿ ಇನ್ನೂ ಜಾಸ್ತಿ. ಕ್ಯಾಲ್ಸಿಯಂ ವಿಷಯದಲ್ಲಿ ರಾಗಿಯ ಮುಂದೆ ಓಟ್ಸ್ ಏನೂ ಅಲ್ಲ. ಸಣ್ಣಗಾಗುತ್ತಾರೆ ಅನ್ನುವುದೂ ಸುಮ್ನೆ ಮಾತು. 100 ಗ್ರಾಂಗೆ ಸುಮಾರು 380 ಕ್ಯಾಲೊರಿ, ಅಕ್ಕಿಗಿಂತ ಕಡಿಮೆಯೇನಿಲ್ಲ. ಓಟ್ಸ್‌ನ ಹೆಚ್ಚುಗಾರಿಕೆ ಇರುವುದು ನಾರಿನ ಒಂದು ಭಾಗದಲ್ಲಿ. ಹೆಸರು ಬೀಟಾ-ಗ್ಲೂಕಾನ್, 100 ಗ್ರಾಂಗೆ ಸುಮಾರು 4 ಗ್ರಾಂ.

ಇದು ನೀರಿನಲ್ಲಿ ಕರಗಿ ಬೆಂಡೆಕಾಯಿಯ ಹಾಗೆ ಲೋಳೆಯಾಗುತ್ತದೆ. ಗಂಜಿ ಕಾಯಿಸಿ ಸ್ವಲ್ಪ ಆರಲು ಬಿಟ್ಟು ಸೌಟು ಎತ್ತಿ ನೋಡಿ. ಅಂಚಿನಿಂದ ತೆಳ್ಳಗೆ ಎಳೆ ಇಳಿಯುತ್ತದೆ. ಸಣ್ಣಕರುಳಿನಲ್ಲೂ ಹೀಗೇ ಲೋಳೆ ತುಂಬಿಕೊಳ್ಳುತ್ತದೆ. ಅಲ್ಲಿಗೆ ಜಿಡ್ಡು ಕರಗಿಸಲು ಲಿವರ್‌ನಿಂದ ಪಿತ್ತರಸ ಬಂದಿರುತ್ತದೆ. ಅದರಲ್ಲಿರುವ ಆಮ್ಲಗಳನ್ನು ಲಿವರ್ ತಯಾರಿಸುವುದು ಕೊಲೆಸ್ಟರಾಲ್‌ನಿಂದ. ದೇಹ ಮಹಾ ಜಿಪುಣ! ಕೆಲಸ ಮುಗಿದ ಮೇಲೆ ಶೇ 95ರಷ್ಟನ್ನು ಸಣ್ಣಕರುಳಿನ ಕೊನೆಯಲ್ಲಿ ಹೀರಿಕೊಂಡು ವಾಪಸ್ ಲಿವರ್‌ಗೆ ಕಳಿಸುತ್ತದೆ. ಲೋಳೆ ಇದ್ದರೆ ಒಂದಷ್ಟು ಪಿತ್ತಾಮ್ಲ ಅದರಲ್ಲಿ ಸಿಕ್ಕಿಕೊಂಡು ಮಲದ ಜೊತೆ ಹೊರಟುಹೋಗುತ್ತದೆ. ಲಿವರ್ ಮತ್ತೆ ಹೊಸದಾಗಿ ತಯಾರಿಸಬೇಕು. ಅದಕ್ಕೆ ರಕ್ತದಲ್ಲಿರುವ ಎಲ್‌ಡಿಎಲ್, ಅಂದರೆ 'ಕೆಟ್ಟ' ಕೊಲೆಸ್ಟರಾಲನ್ನು ಎಳೆದುಕೊಳ್ಳುತ್ತದೆ. ಇಷ್ಟೆಲ್ಲ ಮಾಡಿಸುವ ನಾರು ತಾನು ರಕ್ತಕ್ಕೆ ಸೇರುವುದೇ ಇಲ್ಲ. 'ಓಟ್ಸ್ ರಕ್ತ ಶುದ್ಧಿ ಮಾಡುತ್ತದೆ' ಅನ್ನುವ ವಾಟ್ಸಾಪ್ ಪಂಡಿತರು ಗಮನಿಸಬೇಕು.

1980ರ ದಶಕದ ಕೊನೆಯಲ್ಲಿ ಅಮೆರಿಕನ್ನರಿಗೆ ಓಟ್ಸ್ ತೌಡಿನ ಹುಚ್ಚು ಹಿಡಿದಿತ್ತು. ಕಂಡಕಂಡ ತಿಂಡಿಗೆಲ್ಲ ಅದನ್ನೇ ಬೆರೆಸಿದರು. 1990ರಲ್ಲಿ ಒಂದು ಅಧ್ಯಯನ 'ಇದರಲ್ಲಿ ಅಂಥ ವಿಶೇಷವೇನಿಲ್ಲ' ಎಂದದ್ದೇ ತಡ, ಹುಚ್ಚು ಇಳಿಯಿತು. ಆ ಅಧ್ಯಯನದಲ್ಲಿ ಇದ್ದವರು ಬರೀ 20 ಜನ, ಅವರೂ ಆರೋಗ್ಯವಂತರು! ಮುಂದೆ ಬೇರೆ ಅಧ್ಯಯನಗಳನ್ನೂ ಅಳೆದು ತೂಗಿ ನೋಡಿದ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆ, 1997ರಲ್ಲಿ ಓಟ್ಸ್ ಪೊಟ್ಟಣದ ಮೇಲೆ 'ಹೃದಯರೋಗದ ಅಪಾಯ ತಗ್ಗಿಸಬಹುದು' ಎಂದು ಬರೆಯಲು ಒಪ್ಪಿತು. ಲೆಕ್ಕ ದಿನಕ್ಕೆ 3 ಗ್ರಾಂ ಬೀಟಾ-ಗ್ಲೂಕಾನ್, ಅಂದರೆ ಸುಮಾರು 75 ಗ್ರಾಂ ಓಟ್ಸ್. ಆಗ ಎಲ್‌ಡಿಎಲ್ ಇಳಿಯುವುದು ಶೇ 5ರಿಂದ 7ರಷ್ಟು. ಕೊಲೆಸ್ಟರಾಲ್ ಇಳಿಸಲು ಡಾಕ್ಟರು ಬರೆದುಕೊಟ್ಟ ಸ್ಟಾಟಿನ್ ಮಾತ್ರೆ ಬಿಟ್ಟು ಓಟ್ಸ್ ಹಿಡಿಯುವವರಿಗೆ ಈ ಅಂಕಿ ಗೊತ್ತಿರಲಿ.

ಓಟ್ಸ್ ರುಚಿ ಸೇರದವರಿಗೆ ಬಾರ್ಲಿ ಇದೆ. ಅದರಲ್ಲೂ ಇದೇ ಬೀಟಾ-ಗ್ಲೂಕಾನ್ ಇದೆ. ಕುದಿಸಿ ನೀರು ಮಾತ್ರ ಕುಡಿಯುವ ಬದಲು ಬೆಂದ ಕಾಳನ್ನೂ ತಿನ್ನಿ. ನಾರು ಕಾಳಿನಲ್ಲೇ ಜಾಸ್ತಿ ಉಳಿದಿರುತ್ತದೆ.