ಪ್ಯಾಕೇಜು ಇಲ್ಲದಿರುವುದು, ಇದ್ದೂ ತೆರೆಯದಿರುವುದು: ಐಚ್ಛಿಕ ಅವಲಂಬನೆಗಳ ದೋಷ ಸಂದೇಶದ ಬಗ್ಗೆ ಟಿಪ್ಪಣಿ

ಒಂದು ತಂತ್ರಾಂಶದ ಮುಖ್ಯ ಕೆಲಸಕ್ಕೆ ಬೇಕಿಲ್ಲದ, ಯಾವುದೋ ಒಂದು ಸೌಲಭ್ಯವನ್ನು ಬಳಸಹೊರಟಾಗ ಮಾತ್ರ ಬೇಕಾಗುವ ಬೇರೆ ಪ್ಯಾಕೇಜನ್ನು (ಬೇರೆಯವರು ಬರೆದು ಹಂಚಿದ ಕೋಡಿನ ಕಟ್ಟನ್ನು) ಐಚ್ಛಿಕ ಅವಲಂಬನೆ ಎನ್ನುತ್ತೇವೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಷ್ಟಕಗಳನ್ನು ನಿಭಾಯಿಸುವ ಪಾಂಡಾಸ್ ಲೈಬ್ರರಿ ಸಿಎಸ್‌ವಿ (ಸರಳ ಪಠ್ಯದ ಕೋಷ್ಟಕ) ಕಡತವನ್ನು ತಾನಾಗಿಯೇ ಓದುತ್ತದೆ. ಎಕ್ಸ್‌ಎಲ್‌ಎಸ್‌ಎಕ್ಸ್ (ಎಕ್ಸೆಲ್) ಕಡತವನ್ನು ಕೊಟ್ಟರೆ ಓಪನ್‌ಪೈಎಕ್ಸ್‌ಎಲ್ ಎಂಬ ಪ್ಯಾಕೇಜು ಬೇಕೆಂದು ಕೇಳುತ್ತದೆ. ‘ಐಚ್ಛಿಕ’ ಎಂಬುದು ತಂತ್ರಾಂಶ ಬರೆದವರ ಕಡೆಯಿಂದ ನೋಡಿದ ಮಾತು. ಎಕ್ಸೆಲ್ ಕಡತವನ್ನೇ ತೆರೆಯಬೇಕಾದವರಿಗೆ ಆ ಹೊತ್ತಿನಲ್ಲಿ ಅದು ಕಡ್ಡಾಯವೇ ಆಗಿರುತ್ತದೆ. ಹಾಗಾಗಿ ಕೆಲಸ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಯೇ ಸರಿಯಾದ ಸೂಚನೆ ಸಿಗಬೇಕು. ಇಷ್ಟು ನನಗೆ ಮೊದಲೇ ತಿಳಿದಿತ್ತು. ತಿಳಿಯದಿದ್ದುದು ಮುಂದಿನ ವಿಷಯ.

ಸ್ಕ್ಯಾನ್ ಮಾಡಿದ ಪುಟಗಳ ಓರೆಯನ್ನು ಸರಿಪಡಿಸುವ ಸಣ್ಣದೊಂದು ಸಾಧನವನ್ನು ನಾನು ಬರೆದಿದ್ದೆ. ಓರೆ ತಿದ್ದುವ ಭಾಗಕ್ಕೆ ಮಾತ್ರ ಚಿತ್ರಗಳನ್ನು ಸಂಸ್ಕರಿಸುವ ಓಪನ್‌ಸಿವಿ ಪ್ಯಾಕೇಜು ಬೇಕಿತ್ತು. ಎಲ್ಲರೂ ಬರೆಯುವಂತೆ ನಾನೂ ‘ಟ್ರೈ’ (ಮಾಡಿ ನೋಡು) ಒಳಗೆ ಓಪನ್‌ಸಿವಿಯನ್ನು ಕೋಡಿನಲ್ಲಿ ಕರೆಯುವ ಹೆಸರಾದ ಸಿವಿ2 ಅನ್ನು ಇಂಪೋರ್ಟ್ ಮಾಡಿ (ಕೋಡಿಗೆ ತಂದುಕೊಂಡು), ಅದು ವಿಫಲವಾಗಿ ‘ಎಕ್ಸೆಪ್ಟ್ ಇಂಪೋರ್ಟ್‌ಎರರ್’ ಸಾಲಿಗೆ ಬಂದರೆ ‘ಓಪನ್‌ಸಿವಿ ಇಲ್ಲ, ಪಿಪ್ ಮೂಲಕ ಹಾಕಿಕೊಳ್ಳಿ’ ಎಂದು ಮುದ್ರಿಸುವಂತೆ ಮಾಡಿದ್ದೆ. ಪಿಪ್ ಎಂದರೆ ಪೈಥಾನ್ ಪ್ಯಾಕೇಜುಗಳನ್ನು ಹಾಕಿಕೊಡುವ ಸಾಧನ. ಗೆಳೆಯನೊಬ್ಬ ಅದನ್ನು ಡಾಕರ್ ಕಂಟೇನರಿನಲ್ಲಿ (ಬೇಕಾದಷ್ಟೇ ತಂತ್ರಾಂಶವಿರುವ ಪ್ರತ್ಯೇಕ ಆವರಣದಲ್ಲಿ) ನಡೆಸಿದಾಗ ಇದೇ ಸಂದೇಶ ಬಂತು. ಅವನು ಹಾಕಿಕೊಳ್ಳಲು ಹೋದರೆ, ಪ್ಯಾಕೇಜು ಆಗಲೇ ಇದೆ ಎಂದು ಪಿಪ್ ಹೇಳಿತು. ನನ್ನ ಸಾಧನ ಇಲ್ಲ ಎನ್ನುತ್ತಿತ್ತು, ಪಿಪ್ ಇದೆ ಎನ್ನುತ್ತಿತ್ತು. ಎರಡು ಸಂಜೆ ನಾವಿಬ್ಬರೂ ಇದೇ ಸುತ್ತಿನಲ್ಲಿ ತಿರುಗಿದೆವು.

ಕೊನೆಗೆ ಆ ‘ಎಕ್ಸೆಪ್ಟ್’ ಸಾಲನ್ನು ಕಿತ್ತುಹಾಕಿ ನಡೆಸಿದಾಗ ನಿಜವಾದ ದೋಷ ಹೊರಬಂತು: ಪರದೆಯ ಚಿತ್ರಣಕ್ಕೆ ಬೇಕಾಗುವ ಲಿಬ್‌ಜಿಎಲ್ ಎಂಬ ಕಡತವನ್ನು ತೆರೆಯಲಾಗಲಿಲ್ಲ. ಅಂದರೆ ಓಪನ್‌ಸಿವಿ ಅಲ್ಲಿತ್ತು. ಅದಕ್ಕೆ ಬೇಕಾದ, ಪಿಪ್ ತರದ, ಲಿನಕ್ಸ್ ವ್ಯವಸ್ಥೆಯ ಲೈಬ್ರರಿಯೊಂದು ಆ ಪುಟ್ಟ ಕಂಟೇನರಿನಲ್ಲಿ ಇರಲಿಲ್ಲ. ಪೈಥಾನ್ ಇದನ್ನೂ ಇಂಪೋರ್ಟ್‌ಎರರ್ ಎಂದೇ ಎತ್ತುತ್ತದೆ. ಪ್ಯಾಕೇಜೇ ಇಲ್ಲದಿದ್ದಾಗ ಬರುವುದು ಮಾಡ್ಯೂಲ್‌ನಾಟ್‌ಫೌಂಡ್‌ಎರರ್. ಇದು ಪೈಥಾನ್ 3.6ರಲ್ಲಿ ಇಂಪೋರ್ಟ್‌ಎರರಿನ ಉಪವರ್ಗವಾಗಿ (ಅದರದೇ ಒಂದು ವಿಶೇಷ ಬಗೆಯಾಗಿ) ಸೇರಿತು. ಉಪವರ್ಗವಾದ್ದರಿಂದ ಇಂಪೋರ್ಟ್‌ಎರರನ್ನು ಹಿಡಿದರೆ ಇದೂ ಸಿಕ್ಕಿಬೀಳುತ್ತದೆ, ಎರಡರ ವ್ಯತ್ಯಾಸ ಅಳಿಸಿಹೋಗುತ್ತದೆ. ನಾನು ಎಡವಿದ್ದು ಸರಿಯಾಗಿ ಇಲ್ಲಿಯೇ.

ಹಾಗಾದರೆ ಉಪವರ್ಗವನ್ನು ಮಾತ್ರ ಹಿಡಿದರೆ ಸಾಕೇ? ಸಾಲದು. ಓಪನ್‌ಸಿವಿ ಇದ್ದು, ಅದು ತನಗಾಗಿ ಬಯಸುವ ನಂಪೈ ಎಂಬ ಗಣಿತದ ಪ್ಯಾಕೇಜು ಇಲ್ಲದಿದ್ದರೂ ಬರುವುದು ಮಾಡ್ಯೂಲ್‌ನಾಟ್‌ಫೌಂಡ್‌ಎರರೇ. ಆ ದೋಷದ ವಸ್ತುವಿನಲ್ಲಿ ‘ನೇಮ್’ ಎಂಬ ಗುಣವಿದೆ. ಅದರಲ್ಲಿ ಸಿವಿ2 ಎಂದಿದ್ದರೆ ಮಾತ್ರ ‘ಓಪನ್‌ಸಿವಿ ಇಲ್ಲ’ ಎನ್ನಬೇಕು. ನಂಪೈ ಎಂದಿದ್ದರೆ ಅಥವಾ ಬೇರೆ ಬಗೆಯ ಇಂಪೋರ್ಟ್‌ಎರರ್ ಬಂದರೆ, ‘ಓಪನ್‌ಸಿವಿ ಇದೆ, ಆದರೆ ತೆರೆದುಕೊಳ್ಳುತ್ತಿಲ್ಲ’ ಎಂದು ತಿಳಿಸಿ, ಮೂಲ ದೋಷವನ್ನು ‘ರೈಸ್… ಫ್ರಮ್’ ಎಂಬ ಪೈಥಾನ್ ಸಾಲಿನ ಮೂಲಕ ಜೊತೆಗೇ ತೋರಿಸಬೇಕು. ಮೂಲ ದೋಷವನ್ನು ನುಂಗುವ ಸಂದೇಶ ಎಷ್ಟೇ ವಿನಯದಿಂದ ಬರೆದದ್ದಾದರೂ ದಾರಿ ತಪ್ಪಿಸುತ್ತದೆ. ಗೆಳೆಯನ ತೊಂದರೆಗೆ ಮದ್ದು ಸುಲಭವಾಗಿತ್ತು: ಪರದೆಯ ಮೇಲೆ ಕಿಟಕಿ ತೆರೆಯುವ ಕೆಲಸವಿಲ್ಲದವರಿಗೆಂದೇ ಇರುವ, ಲಿಬ್‌ಜಿಎಲ್ ಬೇಡದ ‘ಓಪನ್‌ಸಿವಿ-ಪೈಥಾನ್-ಹೆಡ್‌ಲೆಸ್’ ಪ್ಯಾಕೇಜು.

ಹೆಸರಿನ ತೊಡಕು ಇನ್ನೊಂದು. ಇಂಪೋರ್ಟ್ ಮಾಡುವ ಹೆಸರು ಸಿವಿ2, ಪಿಪ್‌ಗೆ ಹೇಳಬೇಕಾದ ಹೆಸರು ಓಪನ್‌ಸಿವಿ-ಪೈಥಾನ್. ಹಾಗೆಯೇ ಯಾಮಲ್‌ಗೆ ಪೈಯಾಮಲ್, ಪಿಐಎಲ್‌ಗೆ ಪಿಲ್ಲೋ. ಒಡಿಎಸ್ ಎಂಬ ಬಗೆಯ ಸ್ಪ್ರೆಡ್‌ಶೀಟ್ ಕಡತಕ್ಕಾಗಿ ಪಾಂಡಾಸ್ ಇಂಪೋರ್ಟ್ ಮಾಡುವುದು ಒಡಿಎಫ್, ಹಾಕಿಕೊಳ್ಳಬೇಕಾದದ್ದು ಒಡಿಎಫ್‌ಪೈ. ಇದಕ್ಕಾಗಿಯೇ ಪಾಂಡಾಸ್ ತನ್ನೊಳಗೆ ಚಿಕ್ಕದೊಂದು ಹೆಸರು ಜೋಡಣೆಯ ಪಟ್ಟಿ ಇಟ್ಟುಕೊಂಡಿದೆ. ನಾವೂ ಇಡುವುದು ಒಳ್ಳೆಯದು, ಏಕೆಂದರೆ ಬಳಕೆದಾರರು ಊಹಿಸಿ ಬರೆದ ಹೆಸರಿನಲ್ಲಿ ಯಾರೋ ದುರುದ್ದೇಶದಿಂದ ಪ್ಯಾಕೇಜು ಇಟ್ಟಿರುವ ಸಾಧ್ಯತೆ ಉಂಟು.

ಪಾಂಡಾಸ್ 2.0 (2023) ಇಂಥ ಅವಲಂಬನೆಗಳನ್ನು ಗುಂಪಾಗಿ ತರುವ ‘ಎಕ್ಸ್‌ಟ್ರಾ’ಗಳನ್ನು ಕೊಟ್ಟಿತು, ಪಾಂಡಾಸ್ ಹೆಸರಿನ ಮುಂದೆ ಚೌಕ ಆವರಣದಲ್ಲಿ ‘ಎಕ್ಸೆಲ್’ ಎಂದು ಬರೆದರೆ ಸಾಕು. ಆದರೆ ಜೆಡ್‌ಶೆಲ್ ಎಂಬ, ಆಜ್ಞೆಗಳನ್ನು ಬರೆದು ನಡೆಸುವ ತಂತ್ರಾಂಶದಲ್ಲಿ ಚೌಕ ಆವರಣಕ್ಕೆ ಬೇರೆ ಅರ್ಥವಿದೆ. ಸಂದೇಶದಲ್ಲಿ ಆಜ್ಞೆಯನ್ನು ಕೊಡುವಾಗಲೇ ಉದ್ಧರಣ ಚಿಹ್ನೆ ಹಾಕಿ ಕೊಡಬೇಕು. ಎಕ್ಸ್‌ಟ್ರಾದ ಹೆಸರಿನ ಕಾಗುಣಿತ ತಪ್ಪಿದರೆ ಪಿಪ್ ಬರಿಯ ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತದೆ ಎಂಬುದೂ ನೆನಪಿರಲಿ.

ಲಿನಕ್ಸಿನ ಒಂದು ಬಗೆಯಾದ ಆರ್ಚ್ ಲಿನಕ್ಸಿನ ಕ್ರಮ ನನಗೆ ಬಹಳ ಹಿಡಿಸಿತು. ಅಲ್ಲಿ ಪ್ರತಿ ಐಚ್ಛಿಕ ಪ್ಯಾಕೇಜಿನ ಹೆಸರಿನ ಮುಂದೆ ಅದು ಏತಕ್ಕೆ ಬೇಕೆಂಬುದನ್ನು ನಾಲ್ಕು ಪದಗಳಲ್ಲಿ ಬರೆಯುವ ರೂಢಿಯಿದೆ, ಅಲ್ಲಿ ಪ್ಯಾಕೇಜು ಹಾಕಿಕೊಡುವ ಸಾಧನವಾದ ಪ್ಯಾಕ್‌ಮನ್ ಅದನ್ನು ತೋರಿಸುತ್ತದೆ. ಅದನ್ನು ನೋಡಿ ನನ್ನ ಸಂದೇಶವನ್ನು ಹೀಗೆ ತಿದ್ದಿದ್ದೇನೆ: ‘ಪುಟದ ಓರೆ ತಿದ್ದಲು ಓಪನ್‌ಸಿವಿ ಬೇಕು, ಈ ಪೈಥಾನಿನಲ್ಲಿ ಅದು ಸಿಗಲಿಲ್ಲ. ಓರೆ ತಿದ್ದದೆ ಮುಂದುವರಿಯಲು ಈ ಆಯ್ಕೆ, ಹಾಕಿಕೊಳ್ಳಲು ಈ ಆಜ್ಞೆ.’ ‘ಈ ಪೈಥಾನ್’ ಎಂಬಲ್ಲಿ ಅದರ ಪೂರ್ಣ ಹಾದಿಯೇ ಅಚ್ಚಾಗುತ್ತದೆ, ಆಜ್ಞೆಯೂ ಅದೇ ಹಾದಿಯಿಂದ ಶುರುವಾಗುತ್ತದೆ; ಒಂದೇ ಗಣಕದಲ್ಲಿ ಮೂರು ಪೈಥಾನ್ ಇಟ್ಟುಕೊಂಡವರು ತಪ್ಪು ಕಡೆ ಹಾಕಿಕೊಳ್ಳುವುದು ಇದರಿಂದ ತಪ್ಪುತ್ತದೆ.